ದಯವಿಟ್ಟು ಆ ಕುರ್ಚಿ ತೆಗೀರಿ

ನಿನ್ನೆಯ ಸಿಟ್ಟು ಇನ್ನೂ ಇಳಿದಿಲ್ಲ. ಆರುವ ಮೊದಲೇ ಬರೆದುಬಿಡುತ್ತೇನೆ.

ನನ್ನ ಕೆಲಸ ಮರ ಹತ್ತಿ ಕೊಂಬೆ ಇಳಿಸುವುದು. ಒಣಗಿದ್ದು, ಅರ್ಧ ಮುರಿದು ನೇತಾಡುವುದು, ಸೂರಿನ ಮೇಲೆ ಬಾಗಿದ್ದು. ಪೇಟೆಯಲ್ಲಿ ಸರಪಳಿ ಗರಗಸದ ಮಷೀನಿನ ಸದ್ದು ಕೇಳಿದರೆ ಜನ ಕಿಟಕಿ ಹಾಕಿಕೊಳ್ಳುತ್ತಾರೆ. ಹಳ್ಳಿಯಲ್ಲಿ ಹಾಗಲ್ಲ, ಸದ್ದೇ ಕರೆಯೋಲೆ. ಅರ್ಧ ಗಂಟೆಯೊಳಗೆ ಬೇಲಿಯಾಚೆ ನಾಲ್ಕು ಜನ ಸೇರಿರುತ್ತಾರೆ. ಅವರಲ್ಲಿ ಒಬ್ಬೊಬ್ಬರೂ ಚಿಕ್ಕಂದಿನಲ್ಲಿ ಇದರ ಎರಡರಷ್ಟು ಎತ್ತರದ ಮರ ಹತ್ತಿದವರೇ. ಹಗ್ಗ ಇಲ್ಲದೆ, ಬರಿಗಾಲಲ್ಲಿ. "ನಮ್ಮ ಕಾಲದಲ್ಲಿ ಈ ಬೆಲ್ಟು ಗಿಲ್ಟು ಎಲ್ಲಿತ್ತು?" ಎನ್ನುತ್ತಾರೆ. ಇರಲಿಲ್ಲ, ನಿಜ. ಆ ಕಾಲದಲ್ಲಿ ಬಿದ್ದವರು ಬೇಲಿ ಹತ್ತಿರ ಬಂದು ಮಾತಾಡುವ ಸ್ಥಿತಿಯಲ್ಲಿಲ್ಲ, ಅಷ್ಟೇ.

ಇವರನ್ನೆಲ್ಲ ಸಹಿಸಬಹುದು. ಬೇಲಿಯಾಚೆ ಇರುತ್ತಾರೆ. ನನ್ನ ತಕರಾರು ಬೇಲಿಯ ಒಳಗಿರುವವರ ಬಗ್ಗೆ.

ನಿನ್ನೆಯ ಮರ ದೊಡ್ಡ ಮಾವು. ಯಜಮಾನರು ಬಂದವರೇ ಕೈ ಎತ್ತಿ ಗಾಳಿಯಲ್ಲಿ ಒಂದು ಗೆರೆ ಎಳೆದರು. "ಇಲ್ಲಿಂದ ಮೇಲೆ ಎಲ್ಲಾ ಬೋಳಿಸಿಬಿಡಿ. ತಲೆಕೂದಲು ಥರ, ಮತ್ತೆ ಬರುತ್ತೆ." ಬರುತ್ತೆ ಸಾರ್, ಯಾಕೆ ಬರಲ್ಲ. ನೆತ್ತಿ ಕಡಿದ ಮರ ಗಾಬರಿ ಬಿದ್ದು ನೂರು ಚಿಗುರು ಒಟ್ಟಿಗೆ ಬಿಡುತ್ತದೆ. ಆ ಚಿಗುರಿಗೆ ಹುಟ್ಟು ಕೊಂಬೆಯ ಹಾಗೆ ಒಳಗಿಂದ ಹಿಡಿತ ಇರುವುದಿಲ್ಲ, ತೊಗಟೆಯ ಹತ್ತಿರವೇ ಅಂಟಿಕೊಂಡಿರುತ್ತದೆ. ದಪ್ಪವಾಗಿ ಭಾರ ಬಂದ ಮೇಲೆ ಒಂದು ಗಾಳಿಗೆ ಕಿತ್ತು ಬೀಳುತ್ತದೆ. ಕಡಿದ ಜಾಗದಿಂದ ಕೊಳೆ ಒಳಗೆ ಇಳಿಯುವುದು ಬೇರೆ. ಇದನ್ನೆಲ್ಲ ನಿಧಾನವಾಗಿ ಬಿಡಿಸಿ ಹೇಳಿದೆ. ಯಜಮಾನರು ತಲೆ ಆಡಿಸುತ್ತಾ ಕೇಳಿ, "ಸರಿ ಹಾಗಾದ್ರೆ, ಸ್ವಲ್ಪ ಕೆಳಗಿಂದ ಬೋಳಿಸಿ" ಅಂದರು.

ಕೊನೆಗೆ ಒಣಗಿದ ಕೊಂಬೆಗಳು, ಮಾಡಿನ ಕಡೆ ಬಾಗಿದ ಎರಡು, ಅಷ್ಟೇ ಎಂದು ಒಪ್ಪಂದವಾಯಿತು. ಹಗ್ಗ ಎಸೆದು ಹತ್ತಿದೆ. ಕವಲಿನಲ್ಲಿ ಕೂತು ಕೆಳಗೆ ನೋಡುತ್ತೇನೆ, ಬುಡದ ಹತ್ತಿರ ಒಂದು ಪ್ಲಾಸ್ಟಿಕ್ ಕುರ್ಚಿ. ಕುರ್ಚಿಯಲ್ಲಿ ಯಜಮಾನರು, ಕಾಲ ಮೇಲೆ ಕಾಲು.

ಮನುಷ್ಯ ಒಳ್ಳೆಯವರು, ಅದೇ ತೊಂದರೆ. ಕೆಲಸಕ್ಕೆ ಬಂದವರನ್ನು ಅವರಷ್ಟಕ್ಕೆ ಬಿಟ್ಟು ಒಳಗೆ ಹೋಗುವುದು ಮರ್ಯಾದೆ ಅಲ್ಲ ಎಂದು ನಂಬಿದವರು. ಕೆಳಗಿದ್ದ ನಮ್ಮ ಹುಡುಗ "ಇಲ್ಲಿ ಕೂರಬಾರದು ಸಾರ್" ಅಂದ. "ನೀನು ನಿಂತಿದ್ದೀಯಲ್ಲ?" ಅಂದರು. ಅವನು ತನ್ನ ಹೆಲ್ಮೆಟ್ ಮುಟ್ಟಿ ತೋರಿಸಿದ. ಯಜಮಾನರಿಗೆ ನ್ಯಾಯ ಅನ್ನಿಸಿತು. ಎದ್ದು ಒಳಗೆ ಹೋದರು. ಗೆದ್ದೆವು ಅಂದುಕೊಂಡೆ. ಎರಡು ನಿಮಿಷಕ್ಕೆ ಬೈಕಿನ ಹೆಲ್ಮೆಟ್ ಹಾಕಿಕೊಂಡು ಬಂದು ಅದೇ ಕುರ್ಚಿಯಲ್ಲಿ ಕೂತರು.

ಅದು ಇಡೀ ಮುಖ ಮುಚ್ಚುವ ಹೆಲ್ಮೆಟ್. ಅಲ್ಲಿಗೆ ನನ್ನ ಕೂಗು ಕೇಳಿಸುವುದೂ ನಿಂತಿತು. ಅವರಿಗೆ ಏನಾದರೂ ಕೇಳಬೇಕಾದರೆ ಮುಂದಿನ ಗಾಜು ಮೇಲೆತ್ತುತ್ತಿದ್ದರು. "ಆ ಹಗ್ಗ ತಡೆಯುತ್ತಾ?" ಎಂದು ಕೇಳಿ, ನಾನು ಬಾಯಿ ತೆಗೆಯುವಷ್ಟರಲ್ಲಿ ಟಪ್ ಎಂದು ಗಾಜು ಇಳಿಸುತ್ತಿದ್ದರು. ಉತ್ತರ ಮರದಲ್ಲೇ ಉಳಿಯುತ್ತಿತ್ತು. ತಡೆಯುತ್ತೆ ಸಾರ್. ಹಗ್ಗದ ಮೇಲೆ ಸುತ್ತಿರುವ ಆ ಚಿಕ್ಕ ಗಂಟು ಕಾರ್ಲ್ ಪ್ರೂಸಿಕ್ ಎಂಬ ಆಸ್ಟ್ರಿಯಾದ ಪರ್ವತಾರೋಹಿಯ ಹೆಸರಿನದು, 1931ರಿಂದ ಚಾಲ್ತಿಯಲ್ಲಿದೆ. ಭಾರ ಬಿದ್ದರೆ ಕಚ್ಚಿ ಹಿಡಿಯುತ್ತದೆ, ಭಾರ ತೆಗೆದರೆ ಸರಿಯುತ್ತದೆ. ಮಷೀನು ಚಾಲೂ ಮಾಡುವ ಮೊದಲು ಸೊಂಟದಿಂದ ಇನ್ನೊಂದು ಪಟ್ಟಿ ಮರಕ್ಕೆ ಸುತ್ತುತ್ತೇವೆ, ಅದರೊಳಗೆ ಉಕ್ಕಿನ ತಂತಿ ಇರುತ್ತದೆ. ಸೆಕೆಂಡಿಗೆ 20 ಮೀಟರ್ ಓಡುವ ಸರಪಳಿ ಹಗ್ಗವನ್ನು ಮುಟ್ಟಿದರೆ ಸಾಕು, ಹಗ್ಗ ಇಲ್ಲ. ಆಗ ಆ ಎರಡನೆಯದೇ ಗತಿ. ಇಷ್ಟೆಲ್ಲ ಹೇಳುವವನಿದ್ದೆ. ಗಾಜು ಮುಚ್ಚಿತ್ತು.

ಬಿಸಿಲು ಏರಿತು. ಅಸಲಿ ಆಟ ಶುರುವಾಗಿದ್ದು ಆಮೇಲೆ. ಒಂದು ಕೊಂಬೆ ಇಳಿಸಿದೆ. ಅಲ್ಲಿ ಬಿಸಿಲು ಬಿತ್ತು. ಯಜಮಾನರು ಕುರ್ಚಿ ಎತ್ತಿಕೊಂಡು ನೆರಳಿಗೆ ಹೋದರು. ನೆರಳು ಎಲ್ಲಿರುತ್ತದೆ? ಇನ್ನೂ ಇಳಿಸದ ಕೊಂಬೆಯ ಕೆಳಗೆ. ನಾನು ಆ ಕೊಂಬೆಗೆ ಬಂದೆ. ಹುಡುಗ ಕಾಡಿ ಬೇಡಿ ಅವರನ್ನು ಎಬ್ಬಿಸಿದ. ಕೊಂಬೆ ಇಳಿಯಿತು. ಅವರು ಮುಂದಿನ ನೆರಳು ಹುಡುಕಿದರು. ನಾನು ಮುಂದೆ ಕೊಯ್ಯುವ ಕೊಂಬೆ ಯಾವುದು ಎಂದು ನನಗಿಂತ ಮೊದಲೇ ಆ ಕುರ್ಚಿಗೆ ಗೊತ್ತಾಗುತ್ತಿತ್ತು. ಎಡಕ್ಕೆ ಹೋದರೆ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ಮೋಸ ಮಾಡೋಣ ಎಂದು ಬಲಗಡೆ ಕೊಂಬೆ ಹಿಡಿದು ಅಲ್ಲಾಡಿಸಿ ಎಡಗಡೆಗೆ ಹೊರಳಿದೆ. ಸೂರ್ಯನೂ ಹೊರಳಿದ್ದ. ಕುರ್ಚಿ ಎಡಗಡೆ ಆಗಲೇ ಸಿದ್ಧ.

ಕೂಗಿದರೆ ಎದ್ದು ಒಂದು ಗೇಣು ಸರಿಸಿ ಮತ್ತೆ ಕೂರುತ್ತಿದ್ದರು. ಒಂದು ಗೇಣು! ಅಲ್ಲ, ಲೆಕ್ಕ ಹಾಕೋಣ. 40 ಅಡಿ ಮೇಲಿಂದ ಬಿಟ್ಟ ಕೊಂಬೆ ನೆಲಕ್ಕೆ ಬರಲು ಒಂದೂವರೆ ಸೆಕೆಂಡಿಗಿಂತ ಒಂಚೂರು ಜಾಸ್ತಿ. "ಸಾರ್" ಅನ್ನಬಹುದು, "ಕುರ್ಚಿ" ಅನ್ನಲು ಸಮಯ ಸಾಲದು. ಆಗ ಅದರ ವೇಗ ಗಂಟೆಗೆ 55 ಕಿಲೋಮೀಟರ್. 20 ಸೆಂಟಿಮೀಟರ್ ದಪ್ಪ, ಎರಡು ಮೀಟರ್ ಉದ್ದದ ಹಸಿ ಕೊಂಬೆ ಸುಮಾರು 50 ಕೆಜಿ ತೂಗುತ್ತದೆ. ಹೆಲ್ಮೆಟ್ ಮಾಡಿದವರು ಇದನ್ನು ಯೋಚಿಸಿ ಮಾಡಿರುವುದಿಲ್ಲ.

ಮಧ್ಯೆ ಗಾಜು ಎದ್ದಿತು. "ಒಂದೇ ಏಟಿಗೆ ಹೋಗೋದನ್ನ ಮೂರು ಸಲ ಯಾಕೆ ಕೊಯ್ತೀರಿ? ಹೊತ್ತು ಕಳೆಯೋಕಾ?" ಗಾಜು ಇಳಿಯಿತು. ಮೊದಲು ಕೆಳಗಿಂದ ಅರ್ಧಂಬರ್ಧ ಕೊಯ್ಯುತ್ತೇವೆ, ಆಮೇಲೆ ಸ್ವಲ್ಪ ಆಚೆ ಮೇಲಿಂದ. ಭಾರ ಹೋದ ಮೇಲೆ ಉಳಿದ ಮೋಟನ್ನು, ಕೊಂಬೆ ಕಾಂಡಕ್ಕೆ ಸೇರುವ ಕಡೆ ಇರುವ ಉಬ್ಬಿಗೆ ತಾಗದಂತೆ ತೆಗೆಯುತ್ತೇವೆ. ಒಂದೇ ಏಟಿಗೆ ಕೊಯ್ದರೆ ಬೀಳುವ ಕೊಂಬೆ ಕಾಂಡದ ತೊಗಟೆಯನ್ನು ಉದ್ದಕ್ಕೆ ಸುಲಿದುಕೊಂಡೇ ಹೋಗುತ್ತದೆ. ಆ ಉಬ್ಬು ಉಳಿದರೆ ಮಾತ್ರ ಮರ ಗಾಯವನ್ನು ಸುತ್ತಲಿಂದ ಸರಿಯಾಗಿ ಮುಚ್ಚಿಕೊಳ್ಳುತ್ತದೆ. ಇದನ್ನು ಬೇಲಿಯಾಚೆಯ ನಾಲ್ಕು ಜನಕ್ಕೆ ಹೇಳಿದೆ. ಅವರಿಗಾದರೂ ಕಿವಿ ಖಾಲಿ ಇತ್ತು.

ಮಧ್ಯಾಹ್ನದ ಮೇಲೆ ಮಾಡಿನ ಕಡೆಯ ಕೊನೆಯ ಕೊಂಬೆಗೆ ಬಂದೆ. ತೊಗಟೆಯಲ್ಲಿ ಉಂಗುರದ ಹಾಗೆ ಒಂದು ಗೀರು. ಬೆರಳಿಟ್ಟು ನೋಡಿದರೆ ಒಳಗೆ ನೀಲಿ ನೈಲಾನ್ ಎಳೆ. ಯಾರೋ ಕಟ್ಟಿದ ಹಗ್ಗ ಬಿಚ್ಚಿಲ್ಲ, ಮರ ಅದನ್ನು ಮೇಲಿಂದ ಮೇಲೆ ಬೆಳೆದು ನುಂಗಿದೆ. ಎರಡು ಮೊಳ ಆಚೆ ಅಂಥದೇ ಇನ್ನೊಂದು. ಮಷೀನು ನಿಲ್ಲಿಸಿದೆ. ಸದ್ದು ನಿಂತಿದ್ದಕ್ಕೆ ಯಜಮಾನರು ಎದ್ದು ನಿಂತರು. ನಾನು ಬೆರಳು ಮಾಡಿ ತೋರಿಸಿದೆ. ಅವರು ಹೆಲ್ಮೆಟ್ಟನ್ನೇ ತೆಗೆದು ನೋಡಿದರು.

"ಉಯ್ಯಾಲೆದು. ಮಗಳಿಗೆ ಕಟ್ಟಿದ್ದು" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಅದೊಂದು ಬಿಟ್ಟುಬಿಡಿ."

ಇಡೀ ಮರದಲ್ಲಿ ನಿಜವಾಗಿ ತೆಗೆಯಬೇಕಾಗಿದ್ದದ್ದು ಅದೊಂದೇ. ಹಗ್ಗ ಬಿಗಿದ ಕಡೆ ಕೊಂಬೆ ಸೊರಗಿತ್ತು. ಬೆಳಿಗ್ಗೆ ಎಲ್ಲಾ ಬೋಳಿಸಿ ಅಂದವರು ಇವರೇ. ಆದರೂ ಇಲ್ಲ ಅನ್ನಲು ಬಾಯಿ ಬರಲಿಲ್ಲ. ತುದಿಯನ್ನು ಒಂದು ಗಟ್ಟಿ ಪಕ್ಕದ ರೆಂಬೆಯವರೆಗೆ ಮೊಟಕು ಮಾಡಿ ಭಾರ ಇಳಿಸಿದೆ. ಪಕ್ಕದ ರೆಂಬೆ ಕೊಂಬೆಯ ದಪ್ಪದ ಮೂರನೇ ಒಂದು ಭಾಗವಾದರೂ ಇರಬೇಕು, ಇಲ್ಲದಿದ್ದರೆ ಉಳಿದದ್ದೂ ಒಣಗುತ್ತದೆ. ಇತ್ತು. ಮಳೆಗಾಲ ಮುಗಿದ ಮೇಲೆ ಮತ್ತೆ ನೋಡಬೇಕು. ಇಂಥ ಕೊಂಬೆ ಉಳಿಸಿಕೊಂಡವರು ನೂರೆಂಟು ಜನ, ತೂಗಿಸಿಕೊಂಡವರು ಮಾತ್ರ ಊರಲ್ಲಿ ಇರುವುದಿಲ್ಲ.

ಈ ಮೃದು ಮನಸ್ಸು ಹತ್ತು ನಿಮಿಷ ಇತ್ತು. ಆಮೇಲೆ ಯಜಮಾನರು ಗೇಟಿಗೆ ಹೊಡೆದು ಮಿಕ್ಕಿದ್ದ ಹಸಿರು ಪೇಂಟಿನ ಡಬ್ಬ ತಂದರು. ಗಾಯಕ್ಕೆಲ್ಲ ಬಳಿಯಬೇಕಂತೆ. ಅಮೆರಿಕದ ಅಲೆಕ್ಸ್ ಶೈಗೋ ಎಂಬ ವಿಜ್ಞಾನಿ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿ, ಬಳಿಯುವುದರಿಂದ ಕೊಳೆ ನಿಲ್ಲುವುದಿಲ್ಲ, ಮರವೇ ಒಳಗೆ ಗೋಡೆ ಕಟ್ಟಿ ಅದನ್ನು ತಡೆಯುತ್ತದೆ ಎಂದು ತೋರಿಸಿದ್ದಾರೆ ಅಂದೆ. "ಅವರು ಅವರ ಮರಕ್ಕೆ ಬಳೀದೇ ಇರ್ಲಿ" ಅಂದರು. ಡಬ್ಬದ ಮುಚ್ಚಳ ಒಣಗಿ ಅಂಟಿಕೊಂಡಿತ್ತು. ಮರಕ್ಕೆ ಅಷ್ಟು ಪುಣ್ಯ ಇತ್ತು.

ಇಳಿಯಲು ಹಗ್ಗ ಸರಿ ಮಾಡಿಕೊಳ್ಳುತ್ತಿದ್ದೆ. ಬೇಲಿಯಾಚೆಯಿಂದ ಪಕ್ಕದ ಮನೆಯ ಅಮ್ಮ ಕರೆದರು.

"ಹೇಗೂ ಮೇಲಿದ್ದೀರಲ್ಲ, ನಮ್ಮ ಟ್ಯಾಂಕ್ ತುಂಬಿದೆಯಾ ನೋಡಿ."

"ತುಂಬಿ ಚೆಲ್ತಿದೆ ಅಮ್ಮಾ."

"ಹಾಗಾದ್ರೆ ನಮ್ಮೆಜಮಾನ್ರು ಗದ್ದೆ ಹತ್ರ ಇದ್ದಾರೆ, ಮೋಟರ್ ಆಫ್ ಮಾಡಿ ಅಂತ ಅಲ್ಲಿಂದಲೇ ಕೂಗಿಬಿಡಿ. ಬೆಳಗ್ಗಿಂದ ಕೇಳ್ತಿದ್ದೀನಿ, ನಿಮ್ಮ ಧ್ವನಿ ಚೆನ್ನಾಗಿ ಹೋಗುತ್ತೆ."