ಇನ್ನೊಂದು ಅರ್ಧ ಸುತ್ತು, ಸಾರ್

ಇವತ್ತು ಬೆಳಗ್ಗೆಯೂ ಅದೇ ರಗಳೆ. ಹಾಲಿನವನು ಬರುವ ಮೊದಲೇ ಬೀದಿಯ ಆ ತುದಿಯಲ್ಲಿ ನೂರು ಸಿಸಿಯ ಬೈಕೊಂದು ಕಿಕ್ ತಿಂದು ‘ಪಟ್ ಪಟ್ ಪಟ್’ ಎಂದು ಶುರುವಿಟ್ಟುಕೊಂಡಿತು. ದೊಡ್ಡ ಇಂಜಿನ್ನು ಗುಡುಗಿದರೆ ಹೋಗಲಿ ಅನ್ನಬಹುದು. ಇದು ನೂರು ಸಿಸಿಗೆ ಬಂದ ಬುಲೆಟ್ಟಿನ ಗತ್ತು. ಮಾಲೀಕರನ್ನು ಕೇಳಿದರೆ, “ಸೈಲೆನ್ಸರ್ ಸ್ವಲ್ಪ ಲೀಕು ಕಣ್ರೀ, ಟೈಟ್ ಮಾಡಿಸ್ಬೇಕು” ಅನ್ನುತ್ತಾರೆ. ಮೈ ಉರಿಯುವುದು ಅಲ್ಲೇ. ಅದು ಲೀಕ್ ಆಗುತ್ತಿರುವುದೇ ಟೈಟ್ ಮಾಡಿಸಿ ಮಾಡಿಸಿ ಸ್ವಾಮಿ!

ಸೈಲೆನ್ಸರಿನ ಬೆಂಡ್ ಪೈಪು ಇಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೆ ಸೇರುವ ಜಾಗವನ್ನು ಒಮ್ಮೆ ಬಗ್ಗಿ ನೋಡಿ. ಪೈಪನ್ನು ಒತ್ತಿಹಿಡಿಯುವ ಎರಡು ಕಿವಿಯ ಫ್ಲಾಂಜು, ಎರಡು ಸ್ಟಡ್ಡು (ತಲೆಯಿಲ್ಲದ, ಎರಡೂ ತುದಿಗೆ ಥ್ರೆಡ್ ಇರುವ ಬೋಲ್ಟು), ಎರಡು ನಟ್ಟು, ಒಳಗೆ ಕೂತ ಒಂದು ದುಂಡು ವಾಷರ್. ಅಲ್ಲಿಗೆ ಸಂಸಾರ ಮುಗಿಯಿತು. ಚಿಕ್ಕ ಬೈಕುಗಳಲ್ಲಿ ಆ ಸ್ಟಡ್ಡು ಸಾಮಾನ್ಯವಾಗಿ 6 ಮಿ.ಮೀ. ದಪ್ಪ, ಥ್ರೆಡ್ಡಿನ ಪಿಚ್ (ಒಂದು ಸುತ್ತಿನಿಂದ ಮುಂದಿನದಕ್ಕಿರುವ ದೂರ) 1 ಮಿ.ಮೀ. ಸ್ವಲ್ಪ ದೊಡ್ಡ ಗಾಡಿಯಾದರೆ 8 ಮಿ.ಮೀ., ಪಿಚ್ 1.25. ಸ್ಟಡ್ಡು ಉಕ್ಕಿನದು, ಅದು ಕೂತಿರುವ ಹೆಡ್ಡು ಅಲ್ಯೂಮಿನಿಯಮ್ಮಿನದು. ಒಂದೇ ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಮ್ಮಿ ಎರಡರಷ್ಟು ಹಿಗ್ಗುತ್ತದೆ. ಆಫೀಸಿಗೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ನಡುವೆ ತರಕಾರಿಗೆ ಒಮ್ಮೆ ಇವೆರಡೂ ಹಿಗ್ಗಿ ಕುಗ್ಗಿ ಜಗ್ಗಾಡುತ್ತವೆ. ಮೇಲೆ ಮಳೆನೀರು, ರಸ್ತೆಯ ಕೆಸರು. ಉಕ್ಕು ತುಕ್ಕು ಹಿಡಿಯುತ್ತದೆ, ಅಲ್ಯೂಮಿನಿಯಂ ಬಿಳಿ ಪುಡಿ ಬಿಡುತ್ತದೆ. ಮೆತ್ತಗಿರುವುದು ಯಾವುದೋ ಅದು ಮೊದಲು ಸೋಲುತ್ತದೆ, ಅಂದರೆ ಹೆಡ್ಡು.

ಕಂಪನಿಯವರು ಬೋಲ್ಟು ಕೊಡದೆ ಸ್ಟಡ್ಡು ಕೊಟ್ಟಿದ್ದೇ ಈ ಕಾರಣಕ್ಕೆ. ಸ್ಟಡ್ಡು ಒಮ್ಮೆ ಹೆಡ್ಡಿನೊಳಗೆ ಕೂತರೆ ಮತ್ತೆ ಕದಲುವ ಹಾಗಿಲ್ಲ. ಬಿಚ್ಚುವುದು, ಹಾಕುವುದು ಎಲ್ಲ ಹೊರಗಿನ ನಟ್ಟಿನದು. ಸವೆದರೆ ನಟ್ಟು ಸವೆಯಲಿ, ಹೆಡ್ಡು ಉಳಿಯಲಿ ಎಂಬ ಲೆಕ್ಕ. ನಮ್ಮ ಗ್ಯಾರೇಜುಗಳಲ್ಲಿ ಮಾತ್ರ ಸ್ಟಡ್ಡು ಒಮ್ಮೆ ಈಚೆ ಬಂದರೆ ವಾಪಸ್ ಹೋಗುವುದಿಲ್ಲ. ಆ ಜಾಗಕ್ಕೆ ಡಬ್ಬಿಯಲ್ಲಿ ಕೈಗೆ ಸಿಕ್ಕ ಬೋಲ್ಟು. ಅದು ಕಾಲಿಂಚಿನದಾದರೂ ಆದೀತು! ಕಾಲಿಂಚು ಅಂದರೆ 6.35 ಮಿ.ಮೀ., ಅದರ ಥ್ರೆಡ್ಡೇ ಬೇರೆ. ಮೊದಲ ಎರಡು ಸುತ್ತು ಹೋಗುತ್ತದೆ, ಮೂರನೆಯದರಲ್ಲಿ ಬಿಗಿಯುತ್ತದೆ. “ನೋಡಿ, ಎಷ್ಟು ಟೈಟಾಗಿ ಹೋಗ್ತಿದೆ!” ಎಂದು ಖುಷಿ ಬೇರೆ.

ಈಗ ಆ ಟೈಟ್ ಮಾಡುವವರ ವಿಚಾರಕ್ಕೆ ಬರೋಣ. ಊರು ಯಾವುದಾದರೂ ಇರಲಿ, ಈ ಮೆಕ್ಯಾನಿಕ್ ಅಣ್ಣ ಒಬ್ಬನೇ. ಗಿರಾಕಿ ಬಾಯಿ ತೆರೆಯುವ ಮೊದಲೇ, “ಲೋ, ಹತ್ತು-ಹನ್ನೊಂದು ತಾರೋ” ಎಂದು ಹುಡುಗನನ್ನು ಕೂಗುತ್ತಾನೆ. 6ರ ನಟ್ಟಿಗೆ ಹತ್ತರ ಬಾಯಿಯ ಸ್ಪ್ಯಾನರು ಸರಿಯೇ. ಅದರ ಉದ್ದ ಒಂದು ಗೇಣಿಗೂ ಕಡಿಮೆ, ಅದೂ ಸರಿಯೇ, ಯಾಕೆಂದರೆ ಈ ನಟ್ಟಿಗೆ ಬೇಕಾದ ಬಿಗಿ ಸಾಮಾನ್ಯವಾಗಿ 10 ನ್ಯೂಟನ್-ಮೀಟರಿನ ಆಸುಪಾಸು. ಹತ್ತು ಸೆಂಟಿಮೀಟರ್ ದೂರದಲ್ಲಿ ಹತ್ತು ಕೆ.ಜಿ. ಭಾರ ಕೊಟ್ಟರೆ ಮುಗಿಯಿತು. ಸ್ಪ್ಯಾನರಿನ ಕುತ್ತಿಗೆ ಹಿಡಿದು ಮಣಿಕಟ್ಟಿನಿಂದ ಒಂದು ಒತ್ತು, ಅಷ್ಟೇ ಕೆಲಸ.

ಅಷ್ಟಕ್ಕೇ ಬಿಟ್ಟರೆ ಅವನು ಅಣ್ಣ ಹೇಗಾದಾನು? ಇಂಜಿನ್ ಸ್ಟಾರ್ಟ್ ಮಾಡುತ್ತಾನೆ. ಸದ್ದು ಹಾಗೇ ಇದೆ. “ಇನ್ನೊಂದು ಅರ್ಧ ಸುತ್ತು, ಸಾರ್.” ಮತ್ತೆ ಸ್ಟಾರ್ಟು, ಮತ್ತೆ ಸದ್ದು. ಈ ಸಲ ಹುಡುಗ ಹೇಳಿಸಿಕೊಳ್ಳದೆಯೇ ಹಿತ್ತಲಿಂದ ಒಂದಡಿ ಉದ್ದದ ಜಿಐ ಪೈಪು ತಂದುಕೊಡುತ್ತಾನೆ. ಪೈಪು ಸ್ಪ್ಯಾನರಿನ ಬಾಲಕ್ಕೆ ಏರುತ್ತದೆ. ಅಣ್ಣ ಒಂದು ಕಾಲನ್ನು ಫುಟ್‌ರೆಸ್ಟಿಗೆ ಊರಿ, ಉಸಿರು ಬಿಗಿಹಿಡಿದು ವಾಲುತ್ತಾನೆ. ಒಂದಡಿ ದೂರದಿಂದ ಮೂವತ್ತು ಕೆ.ಜಿ. ಭಾರ ಬಿಟ್ಟರೂ 90 ನ್ಯೂಟನ್-ಮೀಟರ್ ಆಯಿತು. ಬೇಕಾದ್ದರ ಒಂಬತ್ತರಷ್ಟು!

ಈಗ ಆ ಕ್ಷಣ ಬರುತ್ತದೆ. ಅಷ್ಟು ಹೊತ್ತು ಕದಲದೆ ನಿಂತಿದ್ದ ನಟ್ಟು ಇದ್ದಕ್ಕಿದ್ದಂತೆ ಬೆಣ್ಣೆಯಲ್ಲಿ ಚಮಚ ತಿರುಗಿದ ಹಾಗೆ ಮೆತ್ತಗೆ ತಿರುಗುತ್ತದೆ. ಹೆಡ್ಡಿನೊಳಗಿನ ಅಲ್ಯೂಮಿನಿಯಂ ಥ್ರೆಡ್ಡು ಸ್ಟಡ್ಡಿನ ಮೈಗೆ ಸುರುಳಿಯಾಗಿ ಸುತ್ತಿಕೊಂಡು ಪ್ರಾಣ ಬಿಟ್ಟ ಗಳಿಗೆ ಅದು. ಅಣ್ಣ ಪೈಪು ಇಳಿಸಿ, ಹಣೆಯ ಬೆವರು ಒರೆಸಿಕೊಂಡು ಹೇಳುತ್ತಾನೆ: “ಕೂತ್ಕೊಳ್ತು ಸಾರ್.”

ಕೂತ್ಕೊಳ್ತಂತೆ! ಗಿರಾಕಿಯೂ ತಲೆಯಾಡಿಸುತ್ತಾನೆ. ಸದ್ದು ನಿಂತಿಲ್ಲವೆಂದು ಅಣ್ಣ ಇನ್ನೊಮ್ಮೆ ಸ್ಪ್ಯಾನರ್ ಹಾಕುತ್ತಾನೆ. ನಟ್ಟು ತಿರುಗುತ್ತದೆ, ಸ್ಟಡ್ಡೂ ಜೊತೆಗೆ ತಿರುಗುತ್ತದೆ, ಎಷ್ಟು ತಿರುಗಿಸಿದರೂ ತಿರುಗುತ್ತಲೇ ಇರುತ್ತದೆ. ಅಣ್ಣ ಆಕಾಶ ನೋಡುತ್ತಾನೆ. ಹುಡುಗ ಪೈಪನ್ನು ಮೆಲ್ಲಗೆ ಹಿತ್ತಲಿಗೆ ಸಾಗಿಸುತ್ತಾನೆ. ಆಮೇಲೆ ಬರುವುದು ನಾಡಿನಾದ್ಯಂತ ಒಂದೇ ಧಾಟಿಯ ತೀರ್ಪು: “ಇದು ಮೊದ್ಲೇ ಹೋಗಿತ್ತು ಸಾರ್. ಯಾರೋ ಕೆಲಸ ಗೊತ್ತಿಲ್ದೋರು ಕೈ ಹಾಕವ್ರೆ.” ಆ ಕೆಲಸ ಗೊತ್ತಿಲ್ಲದೋರು ಯಾರೆಂದು ಕೇಳುವ ಧೈರ್ಯ ಯಾವ ಗಿರಾಕಿಗೂ ಇರುವುದಿಲ್ಲ, ಏಕೆಂದರೆ ಗಾಡಿ ಬಿಚ್ಚಿ ಬಿದ್ದಿರುವುದು ಅಣ್ಣನ ಅಂಗಳದಲ್ಲಿ.

ಇಷ್ಟಕ್ಕೂ ಮೊದಲ ದಿನ ಲೀಕ್ ಆಗಿದ್ದು ನಟ್ಟು ಸಡಿಲವಾಗಿ ಅಲ್ಲ, ವಾಷರ್ ಸತ್ತಿದ್ದಕ್ಕೆ. ಆ ವಾಷರ್ ಒಮ್ಮೆ ಅದುಮಿಕೊಂಡರೆ ಮುಗಿಯಿತು, ಪೈಪು ಬಿಚ್ಚಿದಾಗಲೆಲ್ಲ ಹೊಸದು ಹಾಕಬೇಕು. ಹಳೆಯದು ಹೆಡ್ಡಿನಿಂದ ಹೊಗೆ ಹೊರಬರುವ ಪೋರ್ಟಿನ ಒಳಗೇ ಮಸಿ ಹಿಡಿದು ಅಂಟಿಕೊಂಡು ಹೆಡ್ಡಿನದೇ ಭಾಗದಂತೆ ಕಾಣುತ್ತದೆ. ಅದನ್ನು ಚೂಪು ಕೊಕ್ಕೆಯಿಂದ ಎಬ್ಬಿಸಿ ತೆಗೆಯದೆ ಅದರ ಮೇಲೆಯೇ ಹೊಸದನ್ನು ಕೂರಿಸುವವರಿದ್ದಾರೆ. ಆಗ ಫ್ಲಾಂಜು ಸರಿಯಾಗಿ ಕೂರುವುದಿಲ್ಲ, ಕೂರದ್ದಕ್ಕೆ ಮತ್ತೆ ಟೈಟು, ಟೈಟಿಗೆ ಮತ್ತೆ ಪೈಪು. ಇನ್ನೊಂದು ಕಾರಣ ಸೈಲೆನ್ಸರಿನ ಹಿಂದಿನ ಬ್ರಾಕೆಟ್ಟು. ಲೆಕ್ಕವಿಲ್ಲದ ಹಂಪುಗಳ ಮೇಲೆ ಹಾರಿ ಆ ಬೋಲ್ಟು ಎಲ್ಲೋ ಬಿದ್ದುಹೋಗಿರುತ್ತದೆ. ಆಮೇಲೆ ಇಡೀ ಸೈಲೆನ್ಸರಿನ ಭಾರ, ಅದುರು ಎಲ್ಲವೂ ಮುಂದಿನ ಎರಡು ಪುಟ್ಟ ಸ್ಟಡ್ಡಿನ ತಲೆಗೆ.

ಲೀಕು ಇದೆಯೋ ಇಲ್ಲವೋ ತಿಳಿಯಲು ಅಣ್ಣನ ಕಿವಿಯೇ ಬೇಕೆಂದಿಲ್ಲ. ಫ್ಲಾಂಜಿನ ಸುತ್ತ ಕಪ್ಪು ಮಸಿ ಇದ್ದರೆ ಸಾಕ್ಷಿ ಸಿಕ್ಕಿತು. ಇಂಜಿನ್ ತಣ್ಣಗಿರುವಾಗ ಸದ್ದು ಜೋರು, ಬಿಸಿಯಾಗಿ ಲೋಹ ಹಿಗ್ಗಿದ ಮೇಲೆ ಕಮ್ಮಿ. ಎಕ್ಸಲರೇಟರ್ ಬಿಟ್ಟು ಇಳಿಜಾರಿನಲ್ಲಿ ಹೋಗುವಾಗ ಸೈಲೆನ್ಸರಿನೊಳಗೆ ಪಟಾಕಿ, ಏಕೆಂದರೆ ಸಂದಿಯಿಂದ ಒಳಗೆ ಎಳೆದುಕೊಂಡ ಗಾಳಿ ಉರಿಯದೆ ಉಳಿದ ಪೆಟ್ರೋಲಿಗೆ ಜೊತೆಯಾಗುತ್ತದೆ. ಪೆಟ್ರೋಲ್ ಎಲ್ಲೂ ಸೋರುತ್ತಿಲ್ಲವೆಂದು ನೋಡಿಕೊಂಡು, ದೇವರ ಮನೆಯಿಂದ ಒಂದು ಊದುಬತ್ತಿ ತಂದು ಸಂದಿಯ ಹತ್ತಿರ ಹಿಡಿಯಿರಿ. ಹೊಗೆ ಎಲ್ಲಿ ತಟತಟನೆ ಚೆದುರುತ್ತದೋ ಅಲ್ಲೇ ತೂತು. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಗಾಡಿಗಳಿಗೆ ಇದು ಬರೀ ಸದ್ದಿನ ವಿಷಯವಲ್ಲ. ಆ ಪೈಪಿನಲ್ಲಿ ಆಕ್ಸಿಜನ್ ಸೆನ್ಸರ್ ಇರುತ್ತದೆ. ಸಂದಿಯಿಂದ ಬಂದ ಗಾಳಿಯನ್ನು ಮೂಸಿ ಅದು ‘ಪೆಟ್ರೋಲ್ ಸಾಲದು’ ಎಂದು ಚಾಡಿ ಹೇಳುತ್ತದೆ, ಕಂಪ್ಯೂಟರ್ ನಂಬಿ ಇನ್ನಷ್ಟು ಸುರಿಯುತ್ತದೆ. ಮೈಲೇಜು ಬಿತ್ತೆಂದು ನಾವು ಪೆಟ್ರೋಲ್ ಬಂಕಿನವನನ್ನು ಬೈಯುತ್ತೇವೆ.

ಥ್ರೆಡ್ ಹೋದ ತೂತಿಗೆ ನಡೆಯುವ ಉಪಚಾರಗಳೋ, ಕೇಳಲೇಬೇಡಿ. ನಲ್ಲಿಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪು ಸುತ್ತುತ್ತಾರೆ. ಅದು 327 ಡಿಗ್ರಿಗೆ ಕರಗುವ ಸರಕು, ಅದಕ್ಕೂ ಎಷ್ಟೋ ಮೊದಲೇ ಕೈಕೊಡುತ್ತದೆ. ಎಕ್ಸಾಸ್ಟ್ ಹೊಗೆಯ ಬಿಸಿ ಅದಕ್ಕಿಂತ ಬಹಳ ಮೇಲೆ. ಎಂ-ಸೀಲ್ ಮೆತ್ತುತ್ತಾರೆ. ಸಿಂಟೆಕ್ಸ್ ಟ್ಯಾಂಕಿಗೆ, ಬಾತ್‌ರೂಮಿನ ಪೈಪಿಗೆ ಅದು ಬಂಗಾರ, ಇಲ್ಲಿ ಅದರ ಕೆಲಸವಲ್ಲ. ವೈರಿನಿಂದ ಬಿಡಿಸಿದ ತಾಮ್ರದ ಎಳೆಯನ್ನು ತೂತಿಗೆ ತುರುಕಿ ಬೋಲ್ಟು ತಿರುಗಿಸುತ್ತಾರೆ, ಅದು ಮುಂದಿನ ಸಿಗ್ನಲ್ಲಿನ ತನಕ. ಕೊನೆಗೆ ಬೈಂಡಿಂಗ್ ವೈರು ಬರುತ್ತದೆ. ಆ ಹಂತದಲ್ಲಿ ಗಾಡಿ ಓಎಲ್‌ಎಕ್ಸ್‌ನಲ್ಲಿ ಮಾರಾಟಕ್ಕೆ ಹೋಗುತ್ತದೆ.

ಸರಿಯಾದ ರಿಪೇರಿ ಅಷ್ಟೇನೂ ಕಷ್ಟದ್ದಲ್ಲ. ಹೆಲಿಕಾಯಿಲ್ ಎಂಬ ಸ್ಟೇನ್‌ಲೆಸ್ ತಂತಿಯ ಸುರುಳಿ ಸಿಗುತ್ತದೆ. ಹಾಳಾದ ತೂತನ್ನು ದೊಡ್ಡದು ಮಾಡಿ, ಹೊಸ ಥ್ರೆಡ್ ಕೊರೆದು, ಈ ಸುರುಳಿ ಕೂರಿಸಿದರೆ ಒಳಗೆ ಮತ್ತೆ ಹಳೆಯ ಅಳತೆಯೇ ಬರುತ್ತದೆ. ಅದೂ ಅಲ್ಯೂಮಿನಿಯಮ್ಮಿಗಿಂತ ಗಟ್ಟಿಯಾಗಿ. ಬೆಂಗಳೂರಿನವರಾದರೆ ಎಸ್.ಪಿ. ರೋಡಿನ ಟೂಲ್ಸ್ ಅಂಗಡಿಗಳಲ್ಲಿ ವಿಚಾರಿಸಿ; ಡ್ರಿಲ್ ಬಿಟ್ಟು, ಥ್ರೆಡ್ ಕೊರೆಯುವ ಟ್ಯಾಪು, ಸುರುಳಿ ಕೂರಿಸುವ ಕಡ್ಡಿ ಎಲ್ಲ ಸೇರಿದ ಕಿಟ್ಟೇ ತೆಗೆದುಕೊಳ್ಳಿ. 6ರ ಸುರುಳಿಗೆ 6.3 ಮಿ.ಮೀ. ಡ್ರಿಲ್ ಬಿಟ್, 8ಕ್ಕೆ 8.3 ಅಥವಾ 8.4, ಕಿಟ್ಟಿನ ಮೇಲೆ ಬರೆದದ್ದೇ ಅಂತಿಮ. ಟ್ಯಾಪು ಕೂಡ ಅದರದ್ದೇ ಆಗಬೇಕು. 6ರ ಸುರುಳಿಯ ಹೊರಸುತ್ತು 7 ಮಿ.ಮೀ.ಗಿಂತ ತುಸು ಜಾಸ್ತಿ ಇರುವುದರಿಂದ ಮನೆಯಲ್ಲಿ ಬಿದ್ದಿರುವ ಮಾಮೂಲಿ 7ರ ಟ್ಯಾಪು ನಡೆಯುವುದಿಲ್ಲ.

ಇಲ್ಲಿ ಕೆಡುವುದು ಒಂದೇ ಕಡೆ, ಡ್ರಿಲ್ಲಿನಲ್ಲಿ. ಪೋರ್ಟಿಗೆ ಬಟ್ಟೆ ತುರುಕಿ, ಬಿಟ್ಟಿಗೆ ಆಳದ ಗುರುತಾಗಿ ಟೇಪು ಸುತ್ತಿ. ತುದಿ ಮುಚ್ಚಿದ ತೂತಾದರೆ ಗುರುತು ದಾಟಿ ಕೊರೆದಿರೋ ಪೋರ್ಟಿನ ಗೋಡೆಗೇ ಹೋಗಿ ನಿಲ್ಲಬಹುದು. ಮೊದಲೇ ತೂತು ಇರುವಲ್ಲಿ 6.3ರ ಬಿಟ್ಟು ಅಲ್ಯೂಮಿನಿಯಮ್ಮನ್ನು ಕಚ್ಚಿ ಸರಕ್ಕನೆ ಒಳಗೆಳೆದುಕೊಳ್ಳುತ್ತದೆ, ಆದ್ದರಿಂದ ನಿಧಾನದ ವೇಗ. ಮುಂದಿನ ಚಕ್ರ, ಮಡ್‌ಗಾರ್ಡು ಅಡ್ಡ ಬಂದು ಡ್ರಿಲ್ಲನ್ನು ಓರೆ ಹಿಡಿಯುವ ಆಸೆಯಾಗುತ್ತದೆ. ಚಕ್ರ ಬಿಚ್ಚಿ, ಇಲ್ಲವೇ ಹೆಡ್ಡೇ ಕೆಳಗಿಳಿಸಿ. ಓರೆಯಾದ ತೂತಿಗೆ ಹಾಕಿದ ಸ್ಟಡ್ಡಿಗೆ ಫ್ಲಾಂಜು ಜನ್ಮದಲ್ಲಿ ಹೊಂದುವುದಿಲ್ಲ. ದಪ್ಪ ಪಟ್ಟಿಯೊಂದಕ್ಕೆ ನೇರ ತೂತು ಕೊರೆಸಿ, ಅದನ್ನು ಒತ್ತಿಹಿಡಿದು ಅದರ ಮೂಲಕ ಡ್ರಿಲ್ ಹಾಕಿದರೆ ಬಿಟ್ಟು ಆಚೀಚೆ ಅಲೆಯುವುದಿಲ್ಲ.

ಟ್ಯಾಪಿಗೆ ಸೀಮೆಎಣ್ಣೆ ಸವರಿ, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಅಣ್ಣನ ಪ್ರೀತಿಯ ಅರ್ಧ ಸುತ್ತಿಗೆ ನ್ಯಾಯವಾದ ಜಾಗ ಇದೊಂದೇ. ಪುಡಿಯನ್ನೆಲ್ಲ ಗಾಳಿ ಹೊಡೆದು ತೆಗೆಯುವಾಗ ಕಣ್ಣಿಗೆ ಕನ್ನಡಕ ಇರಲಿ. ಸುರುಳಿಯ ಉದ್ದ ದಪ್ಪದ ಒಂದೂವರೆಯಿಂದ ಎರಡರಷ್ಟು, ಅಂದರೆ 6ಕ್ಕೆ 9 ಅಥವಾ 12 ಮಿ.ಮೀ. ಒತ್ತದೆ, ಸುಮ್ಮನೆ ತಿರುಗಿಸುತ್ತ ಇಳಿಸಿ, ಮೇಲ್ಮೈಯಿಂದ ಕಾಲು-ಅರ್ಧ ಸುತ್ತು ಕೆಳಗೆ ನಿಲ್ಲಿಸಿ. ಸುರುಳಿಯ ತುದಿಯಲ್ಲಿ ಹಿಡಿತಕ್ಕೆಂದು ಕೊಟ್ಟ ಪುಟ್ಟ ಬಾಲವನ್ನು ಮುರಿದು ಚಿಮಟದಿಂದ ಹೊರಗೆ ತೆಗೆಯಿರಿ. ಅದು ಒಳಗೇ ಉಳಿದರೆ ಸ್ಟಡ್ಡು ಅದರ ಮೇಲೆ ಕೂತು, ಪೂರ್ತಿ ಇಳಿಯದೆ, ನಿಮ್ಮನ್ನು ಮತ್ತೆ ಅಣ್ಣನ ಹತ್ತಿರ ಕಳಿಸುತ್ತದೆ.

ಸ್ಟಡ್ಡು ಒಳಗೇ ತುಂಡಾಗಿದ್ದರೆ ಕಥೆ ಬೇರೆ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಇಡೀ ರಾತ್ರಿ ಕಾಯಿರಿ. ಹೊರಗೆ ಒಂದಿಷ್ಟು ತುದಿ ಉಳಿದಿದ್ದರೆ ಅದಕ್ಕೆ ನಟ್ಟೊಂದನ್ನು ವೆಲ್ಡ್ ಮಾಡಿಸಿ ತಿರುಗಿಸುವುದು ಒಳ್ಳೆಯದು. ಆ ಬಿಸಿಯೇ ಅರ್ಧ ಕೆಲಸ ಮಾಡುತ್ತದೆ. ಮುರಿದ ತುಂಡನ್ನು ಕಚ್ಚಿ ತಿರುಗಿಸಿ ತೆಗೆಯುವ ‘ಈಜಿ ಔಟ್’ ಹಾಕಿ ಜೋರು ಮಾಡಬೇಡಿ. ಅದು ಒಳಗೆ ಮುರಿದರೆ ಅದರಷ್ಟು ಗಟ್ಟಿ ಲೋಹಕ್ಕೆ ಸಾಮಾನ್ಯ ಡ್ರಿಲ್ ಬಿಟ್ಟು ಹಲ್ಲೂರುವುದಿಲ್ಲ.

ಈ ಹೆಲಿಕಾಯಿಲ್ ಎಲ್ಲ ಬರುವ ಮುಂಚೆ ಊರಿನ ಲೇತ್ ಅಂಗಡಿಯವರು ಇದಕ್ಕೊಂದು ಸುಖವಾದ ದಾರಿ ಇಟ್ಟುಕೊಂಡಿದ್ದರು. ಒಂದು ತುದಿ 8, ಇನ್ನೊಂದು ತುದಿ 6 ಇರುವ ಮೆಟ್ಟಿಲು ಸ್ಟಡ್ಡು. ಹೆಡ್ಡಿನ ತೂತಿಗೆ 6.8ರ ಬಿಟ್ಟು ಹಾಕಿ 8ರ ಟ್ಯಾಪು ಹೊಡೆದರೆ ಸಾಕು, ಫ್ಲಾಂಜು ಮುಟ್ಟಬೇಕಾಗಿಲ್ಲ. ಗೋಡೆ ದಪ್ಪ ಇದ್ದ ಕಡೆ ಹೊರಗೆ 10, ಒಳಗೆ 6ರ ಥ್ರೆಡ್ ಇರುವ ಬುಶ್ಶನ್ನೇ ತಿರುಗಿಸಿ ಕೂರಿಸುತ್ತಿದ್ದರು. ಅಂಥ ಅಂಗಡಿಯಲ್ಲಿ ವಯಸ್ಸಾದವರೊಬ್ಬರು ಕ್ಯಾಲಿಪರನ್ನು ಕಣ್ಣಿನ ಹತ್ತಿರ ತಂದು ನೋಡಿ, ಏನೂ ಮಾತಾಡದೆ ಲೇತಿನ ಹಿಡಿ ತಿರುಗಿಸುತ್ತಿದ್ದರು. ನೀಲಿ ಬಣ್ಣಕ್ಕೆ ತಿರುಗಿದ ಉಕ್ಕಿನ ಸಿಂಬೆ ನೆಲಕ್ಕೆ ಬೀಳುತ್ತಿತ್ತು. ಸ್ಟಡ್ಡನ್ನು ಬೆರಳಲ್ಲೇ ತಿರುಗಿಸಿ ಕೂರಿಸಿ, “ಸಾಕು, ಇನ್ನು ಇದಕ್ಕೆ ಸ್ಪ್ಯಾನರ್ ಹಚ್ಚಬ್ಯಾಡ” ಅನ್ನುತ್ತಿದ್ದರು. ಈಗ ಅಂಥವರನ್ನು ಹುಡುಕಿಕೊಂಡು ಇಂಡಸ್ಟ್ರಿಯಲ್ ಏರಿಯಾದ ಒಳರಸ್ತೆಗಳಲ್ಲಿ ಅಲೆಯಬೇಕು. ಸಿಕ್ಕರೂ, ಒಂದೇ ಸ್ಟಡ್ಡಿಗೆ ಮಷೀನು ಹಚ್ಚೋಕಾಗಲ್ಲ ಅನ್ನುತ್ತಾರೆ. ಅದೂ ನ್ಯಾಯವೇ.

ಜೋಡಿಸುವಾಗ ಎಲ್ಲವನ್ನೂ ಮೊದಲು ಸಡಿಲವಾಗಿ ಹಾಕಿಕೊಳ್ಳಿ. ಹೊಸ ವಾಷರ್, ಹೊಸ ನಟ್ಟು, ಥ್ರೆಡ್ಡಿಗೆ ಬಿಸಿ ತಡೆಯುವ ತಾಮ್ರದ ಗ್ರೀಸು ಚೂರು. ಗ್ರೀಸಿದ್ದರೆ ನಟ್ಟು ಸುಲಭವಾಗಿ ಜಾರುವುದರಿಂದ ಬಿಗಿಯನ್ನೂ ಚೂರು ಇಳಿಸಬೇಕು. ಮುಂದಿನ ಎರಡು ನಟ್ಟನ್ನು ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ, ಫ್ಲಾಂಜಿನ ಎರಡೂ ಕಿವಿಯ ಸಂದಿ ಸಮ ಇದೆಯೇ ನೋಡುತ್ತಿರಿ. ಹಿಂದಿನ ಬ್ರಾಕೆಟ್ಟು ಕೊನೆಗೆ. ಬಿಗಿಯನ್ನು ಅಳೆದು ಹೇಳುವ ಟಾರ್ಕ್ ರೆಂಚ್ ಕೊಳ್ಳುವುದಾದರೆ 5ರಿಂದ 25 ನ್ಯೂಟನ್-ಮೀಟರಿನ ಚಿಕ್ಕದು ಕೊಳ್ಳಿ. ಕಾರಿನ ಚಕ್ರಕ್ಕೆ ಬಳಸುವ ಉದ್ದದ್ದಕ್ಕೆ 10 ಎಂಬ ಅಂಕಿಯೇ ಗೊತ್ತಿರುವುದಿಲ್ಲ.

ಗಾಡಿ ಒಮ್ಮೆ ಚೆನ್ನಾಗಿ ಬಿಸಿಯಾಗಿ, ಪೂರ್ತಿ ತಣ್ಣಗಾದ ಮೇಲೆ ಆ ಎರಡು ನಟ್ಟಿನ ಬಿಗಿಯನ್ನು ಮತ್ತೊಮ್ಮೆ ನೋಡಬೇಕು, ಹೊಸ ವಾಷರ್ ಅಷ್ಟರಲ್ಲಿ ಚೂರು ಅದುಮಿಕೊಂಡಿರುತ್ತದೆ. ಇದನ್ನು ಮಾತ್ರ ಮನೆಯಲ್ಲೇ ನೋಡಿಕೊಳ್ಳಿ. ಗ್ಯಾರೇಜಿಗೆ ಹೋದಿರೋ, ನೀವು ಸ್ಟ್ಯಾಂಡ್ ಹಾಕುವಷ್ಟರಲ್ಲಿ ಹುಡುಗ ಪೈಪು ಹಿಡಿದುಕೊಂಡು ಬಂದಿರುತ್ತಾನೆ.