ಹೊಳೆಯಲ್ಲಿ ‘ಬೇಡ’ ಎನ್ನುವವರು ಯಾರು?

ನಮ್ಮ ನಾಡಿನ ಹೊಳೆಗಳಲ್ಲಿ ಹರಿಗೋಲು ಹತ್ತಿದವರಿಗೆಲ್ಲ ಗೊತ್ತು, ಹುಟ್ಟು ಯಾರ ಕೈಯಲ್ಲಿದೆಯೋ ಮಾತೂ ಅವರದೇ. ಎಲ್ಲಿ ಮಡುವಿದೆ, ಯಾವ ಬಂಡೆಯ ಬಗಲಲ್ಲಿ ಸೆಳವು ಹೆಚ್ಚು ಎಂಬುದೆಲ್ಲ ಅಂಬಿಗನಿಗೆ ಬಿಟ್ಟದ್ದು. ಉಳಿದವರು ಅಲುಗಾಡದೆ ಕುಳಿತರೆ ಸಾಕು. ಅಮೆರಿಕದಲ್ಲಿ ಮೊದಲ ಸಲ ಕಯಾಕ್ ಹತ್ತಲು ಹೋದಾಗ ನಾನೂ ಇದೇ ಭರವಸೆಯಲ್ಲಿದ್ದೆ. ಒಬ್ಬರೇ ಕೂರುವ ಆ ದೋಣಿಯಲ್ಲಿ ಅಂಬಿಗನೂ ನಾನೇ ಎಂಬುದು ದಡದಲ್ಲಿ ನಿಂತಾಗಲೇ ಹೊಳೆಯಿತು.

ಇಲ್ಲಿ ಅನುಭವವುಳ್ಳವರು ಹೊರಡುವ ಮೊದಲು ನೀರಿನ ಲೆಕ್ಕ ನೋಡುತ್ತಾರೆ. ಸೆಕೆಂಡಿಗೆ ಎಷ್ಟು ಘನ ಅಡಿ ನೀರು ಹರಿಯುತ್ತಿದೆ ಎಂಬುದನ್ನು ಇಲ್ಲಿನ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಸಾವಿರಾರು ಕಡೆ ಅಳೆದು ಎಲ್ಲರಿಗೂ ಸಿಗುವಂತೆ ಪ್ರಕಟಿಸುತ್ತದೆ. ನದಿಯ ರಭಸಕ್ಕೆ 1ರಿಂದ 6ರವರೆಗೆ ದರ್ಜೆಗಳಿವೆ. ನೀರು ಏರಿದರೆ ನಿನ್ನೆಯ 2ನೇ ದರ್ಜೆ ಇಂದು 3 ಆಗಿರಬಹುದು. ನಮ್ಮಲ್ಲಿ ಈ ಲೆಕ್ಕವೇ ಇಲ್ಲವೆಂದಲ್ಲ. ಮಳೆಗಾಲದುದ್ದಕ್ಕೂ ಜಲಾಶಯಗಳ ಒಳಹರಿವು, ಹೊರಹರಿವುಗಳನ್ನು ಪತ್ರಿಕೆಗಳು ಕ್ಯುಸೆಕ್‌ಗಳಲ್ಲಿ ಅಚ್ಚು ಹಾಕುತ್ತವೆ. ಅದನ್ನು ಬೆಳೆಗಾಗಿ, ಕುಡಿಯುವ ನೀರಿಗಾಗಿ ಓದುವ ನಾವು ದೋಣಿಗಾಗಿ ಓದುವುದಿಲ್ಲ, ಅಷ್ಟೇ. ದಾಂಡೇಲಿಯ ಕಾಳಿ ನದಿಯಲ್ಲಿ ರ‍್ಯಾಫ್ಟಿಂಗ್ ನಡೆಯುವುದು ಮೇಲಿನ ಸೂಪಾ ಅಣೆಕಟ್ಟೆಯಿಂದ ಬಿಡುವ ನೀರನ್ನು ನೆಚ್ಚಿಕೊಂಡು ಎಂಬುದನ್ನು ರ‍್ಯಾಫ್ಟ್ ಹತ್ತಿದವರಲ್ಲಿ ಎಷ್ಟು ಮಂದಿ ಕೇಳಿ ತಿಳಿದಿರುತ್ತಾರೋ!

ಲೈಫ್ ಜಾಕೆಟ್ ವಿಷಯದಲ್ಲಿ ಮಾತ್ರ ಇಲ್ಲಿನವರನ್ನು ಹೊಗಳಲು ನನಗೆ ಮನಸ್ಸಿಲ್ಲ. ದೋಣಿಯಲ್ಲಿ ತಲೆಗೊಂದು ಇರಬೇಕೆನ್ನುವ ಇಲ್ಲಿನ ಕೇಂದ್ರ ಸರ್ಕಾರದ ನಿಯಮ, ದೊಡ್ಡವರು ಅದನ್ನು ತೊಟ್ಟೇ ಇರಬೇಕೆಂದು ಸಾಮಾನ್ಯವಾಗಿ ಹೇಳುವುದಿಲ್ಲ. ಕರಾವಳಿ ರಕ್ಷಣಾ ಪಡೆಯ 2023ರ ವರದಿಯ ಪ್ರಕಾರ ಆ ವರ್ಷ ಮನರಂಜನಾ ದೋಣಿಗಳ ಅವಘಡಗಳಲ್ಲಿ 564 ಜನ ಸತ್ತರು. ನಾಲ್ವರಲ್ಲಿ ಮೂವರ ಸಾವಿಗೆ ಕಾರಣ ಮುಳುಗುವಿಕೆ, ಹಾಗೆ ಮುಳುಗಿದವರಲ್ಲಿ ಶೇ 87ರಷ್ಟು ಮಂದಿ ಜಾಕೆಟ್ ತೊಟ್ಟಿರಲಿಲ್ಲ. ನಮ್ಮಲ್ಲಿನ ದೋಷ ಬೇರೆ ಬಗೆಯದು: ತೊಡುತ್ತೇವೆ, ಆದರೆ ಫೋಟೊಗೆ ಚೆಂದ ಕಾಣಲೆಂದು ಬಕಲ್ ಬಿಚ್ಚಿಕೊಂಡಿರುತ್ತೇವೆ. ನನಗೆ ಕಲಿಸಿದಾಕೆ ಎಲ್ಲ ಪಟ್ಟಿಗಳನ್ನೂ ಬಿಗಿಸಿದ ಮೇಲೆ ಜಾಕೆಟ್ಟಿನ ಎರಡೂ ಹೆಗಲುಗಳನ್ನು ಹಿಡಿದು ಜೋರಾಗಿ ಮೇಲಕ್ಕೆಳೆದರು; ಅದು ನನ್ನ ಕಿವಿಯವರೆಗೆ ಬಂದಿತು. ನೀರೂ ಹೀಗೆಯೇ ಎಳೆಯುತ್ತದೆ ಎಂದು ಹೇಳಿ, ಮೊದಲಿನಿಂದ ಮತ್ತೆ ಬಿಗಿಸಿದರು. ಸೆಳವಿಗೆ ಬಿದ್ದರೆ ಎದ್ದು ನಿಲ್ಲಲು ಹೋಗಬಾರದೆಂದೂ, ಕಾಲು ಬಂಡೆಗಳ ಸಂದಿಗೆ ಸಿಕ್ಕಿದರೆ ಸೊಂಟದೆತ್ತರದ ನೀರೇ ಬೆನ್ನ ಮೇಲೆ ಬಿದ್ದು ಮುಖವನ್ನು ಅದುಮುತ್ತದೆಂದೂ, ಆದ್ದರಿಂದ ಅಂಗಾತ ತೇಲುತ್ತ ಪಾದಗಳನ್ನು ಹರಿವಿನ ಕಡೆಗೆ ಚಾಚಿರಬೇಕೆಂದೂ ಅವರು ಹೇಳಿಕೊಟ್ಟದ್ದು ಆಮೇಲೆ.

ಇಲ್ಲಿ ಹಳಬರು ಜಲಪಾತಕ್ಕಿಂತ ಹೆಚ್ಚಾಗಿ ಹೆದರುವುದು ಆಳೆತ್ತರವೂ ಇರದ ಕಿರು ಒಡ್ಡುಗಳಿಗೆ. ಮೇಲಿನಿಂದ ಬರುವವರಿಗೆ ಅಡ್ಡಗೆರೆ ಎಳೆದಂತೆ ಶಾಂತವಾಗಿ ಕಾಣುವ ಅಲ್ಲಿ, ಬುಡಕ್ಕೆ ಬಿದ್ದ ನೀರು ಮಗುಚಿಕೊಂಡು ಒಡ್ಡಿನತ್ತಲೇ ಮರಳುತ್ತದೆ. ಸಿಕ್ಕಿದವರನ್ನು ಜಾಕೆಟ್ ಸಮೇತ ಸುತ್ತಿಸುತ್ತಲೇ ಇರುತ್ತದೆ. ನಮ್ಮ ಕಿಂಡಿ ಅಣೆಕಟ್ಟುಗಳ ಮೇಲೆ ನೀರು ತುಂಬಿ ಹರಿಯುವಾಗ ಬುಡದಲ್ಲಿ ಇಂಥದೇ ಸುಳಿ ಏಳಬಹುದು. ಅಲ್ಲಿ ಈಜಲು ಇಳಿಯುವ ಹುಡುಗರನ್ನು ಕಂಡಾಗಲೆಲ್ಲ ಈಗ ಎದೆ ಝಲ್ಲೆನ್ನುತ್ತದೆ.

ಇಲ್ಲಿ ನನಗೆ ನಿಜಕ್ಕೂ ಹಿಡಿಸಿದ್ದು, ನಮ್ಮಲ್ಲಿಗೆ ಬರಲಿ ಎಂದು ಬಯಸುವುದು ಒಂದೇ ಪದ್ಧತಿ: ಸೆಳವಿನ ತಾಣ ಬಂದರೆ ದೋಣಿಯನ್ನು ದಡಕ್ಕೆ ಹಚ್ಚಿ, ಇಳಿದು ನೋಡಿ, ಬೇಡವೆನಿಸಿದವರು ಅದನ್ನು ಹೆಗಲಿಗೇರಿಸಿಕೊಂಡು ನಡೆದೇ ದಾಟುವುದು. ಅದಕ್ಕೆ ಯಾರೂ ಕಾರಣ ಕೇಳುವುದಿಲ್ಲ, ಪುಕ್ಕಲನೆಂದು ನಗುವುದಿಲ್ಲ. ದುಡ್ಡು ಕೊಟ್ಟು ರ‍್ಯಾಫ್ಟ್ ಹತ್ತಿ, ಗೆಳೆಯರೆಲ್ಲ ಕೂಗಾಡುತ್ತಿರುವಾಗ ‘ನನ್ನನ್ನು ಇಲ್ಲಿ ಇಳಿಸಿ’ ಎನ್ನಲು ನಮ್ಮವರಲ್ಲಿ ಎಷ್ಟು ಜನಕ್ಕೆ ಬಾಯಿ ಬಂದೀತು? ಮೊದಲ ದಿನ ಮೂರನೆಯ ತಿರುವಿನಲ್ಲಿ ನಾನು ಸಂಕೋಚಪಡುತ್ತ ದೋಣಿ ಹೊತ್ತು ದಡ ಹತ್ತಿದೆ. ಇಪ್ಪತ್ತು ವರ್ಷಗಳಿಂದ ಹುಟ್ಟು ಹಾಕುತ್ತಿರುವ ಇಬ್ಬರು ಆಗಲೇ ತಮ್ಮ ದೋಣಿಗಳನ್ನು ಹೊತ್ತು ನನ್ನ ಮುಂದೆ ನಡೆಯುತ್ತಿದ್ದರು.