ಮೇಡಂ ಬದಲಿಗೆ

ಅರವತ್ತು ದಾಟಿದ ಮೇಲೆ ನನಗೆ ಮತ್ತೆ ಕೆಲಸ ಕೊಡಿಸಿದ್ದು ಭಾರತದ ಸಂಸತ್ತು. 2017ರಲ್ಲಿ ಕಾನೂನು ತಿದ್ದಿ ಹೆರಿಗೆ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿದರಲ್ಲ, ಅದರ ಪುಣ್ಯ. ಹನ್ನೆರಡು ವಾರ ಆಫೀಸಿನವರು ಹೇಗೋ ಸುಧಾರಿಸುತ್ತಾರೆ. ಇಪ್ಪತ್ತಾರು ವಾರ, ಅದೂ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ತುಂಬುವ ಜೂನ್, ಜುಲೈ ಸೇರಿದರೆ ಬದಲಿ ಜನ ಬೇಕೇ ಬೇಕು. ಹಾಗೆ ಮಂಗಳೂರಿನ ಲಾಲ್‌ಬಾಗ್ ಹತ್ತಿರದ ಒಂದು ಆಡಿಟರ್ ಆಫೀಸಿಗೆ ನಾನು ಬಂದು ಸೇರಿದೆ.

ನಾನು ಬ್ಯಾಂಕಿನಲ್ಲಿದ್ದವ. ಸೇರುವಾಗ ಅದು ವಿಜಯಾ ಬ್ಯಾಂಕ್, ನಿವೃತ್ತನಾಗುವಾಗ ಬ್ಯಾಂಕ್ ಆಫ್ ಬರೋಡಾ. ನಾನು ಕೂತಲ್ಲೇ ಕೂತಿದ್ದೆ, ಬೋರ್ಡು ಮಾತ್ರ ಬದಲಾಯಿತು. ಇಷ್ಟೆಲ್ಲ ನೋಡಿದವನಿಗೆ ಇದು ಯಾವ ಲೆಕ್ಕ ಅಂತ ಇಸ್ತ್ರಿ ಮಾಡಿದ ಶರ್ಟು ಹಾಕಿ ಸುರತ್ಕಲ್‌ನಲ್ಲಿ ಬಸ್ಸು ಹತ್ತಿದೆ. ಮಳೆ ಮತ್ತು ಬಸ್ಸಿನ ರಶ್ ಸೇರಿ ಆ ಇಸ್ತ್ರಿಯನ್ನು ಕೂಳೂರು ಸೇತುವೆ ಬರುವಷ್ಟರಲ್ಲೇ ಮುಗಿಸಿದವು.

ಆಫೀಸಿನ ಬಾಗಿಲಲ್ಲಿ ಒಬ್ಬಳು ಹುಡುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಓ, ಮೇಡಂ ಬದಲಿಗೆ ಬಂದದ್ದು ನೀವಾ ಅಂಕಲ್?"

ನನ್ನ ಹೆಸರು ಅಲ್ಲಿಗೆ ಮುಗಿಯಿತು.

ಕುರ್ಚಿ ಮೇಡಂದು. ಅವರ ಎತ್ತರಕ್ಕೆ ಹೊಂದಿಸಿ ಇಟ್ಟದ್ದು. ನಾನು ಕೂತರೆ ಮೊಣಕಾಲು ಮೇಜಿಗೆ ತಾಗುತ್ತದೆ. ಎತ್ತರ ಮಾಡೋಣ ಅಂತ ಹಿಡಿ ಎಳೆದರೆ ಹಿಡಿಯೇ ಕೈಗೆ ಬಂತು. ಬೆನ್ನಿಗೆ ಗುಲಾಬಿ ಬಣ್ಣದ ದಿಂಬು. ಡ್ರಾಯರ್ ತೆಗೆದರೆ ನೆಲ್ಲಿಕಾಯಿ ಉಪ್ಪಿನಕಾಯಿ ಬಾಟಲಿ, ಹೇರ್ ಕ್ಲಿಪ್ಪು, ವಾಂತಿ ಮಾತ್ರೆ. ಚಾ ಕೂಡ ಅವರ ಕಪ್ಪಿನಲ್ಲೇ ಬಂತು, ಸಕ್ಕರೆ ಇಲ್ಲದೆ. ನನಗೆ ಸಕ್ಕರೆ ಬೇಕು ಅಂದೆ. "ಮೇಡಂ ಹಾಕ್ತಿರಲಿಲ್ಲ" ಅಂದರು. ನನಗೇ ಅನುಮಾನ ಬಂತು, ನನಗೆ ಶುಗರ್ ಇದೆಯಾ ಅಂತ.

ಕಂಪ್ಯೂಟರಿಗೆ ಪಾಸ್‌ವರ್ಡ್ ಬೇಕು. ಅದು ಗೊತ್ತಿದ್ದದ್ದು ಮೇಡಂಗೆ ಮಾತ್ರ. ಆಡಿಟರ್ ಸಾಹೇಬರೇ ಫೋನು ಹಚ್ಚಿದರು. ಮೇಡಂ ಅಮ್ಮ ಎತ್ತಿದರು. "ಮಗು ಈಗ ಮಲಗಿತಷ್ಟೆ. ಅದರೊಟ್ಟಿಗೆ ಇವಳಿಗೂ ಸ್ವಲ್ಪ ಕಣ್ಣು ಹತ್ತಿದೆ. ಏಳಿಸುವುದಿಲ್ಲ." ಸಾಹೇಬರು ತಲೆಯಾಡಿಸಿ ಫೋನಿಟ್ಟರು. ನೋಟಿಸಿಗೂ ಹೆದರದ ಮನುಷ್ಯರು ಬಾಣಂತಿಯ ತಾಯಿಗೆ ಹೆದರುತ್ತಾರೆ, ಅದು ಸರಿಯೇ. ಅರ್ಧ ಮಂಗಳೂರಿನ ರಿಟರ್ನ್ ಒಂದು ಮಗುವಿನ ನಿದ್ದೆ ಮುಗಿಯಲು ಕಾಯುತ್ತಾ ಕೂತಿತು.

ಮಧ್ಯಾಹ್ನ ಮೇಡಂ ಅವರೇ ಫೋನು ಮಾಡಿದರು.

"ಅಂಕಲ್, ಸರ್ ಹತ್ತಿರ ಇದ್ದಾರಾ?"

"ಇಲ್ಲೇ ಇದ್ದಾರಮ್ಮ, ಕೊಡಲಾ?"

"ಬೇಡ ಬೇಡ! ಮೆಸೇಜ್ ಹಾಕ್ತೇನೆ."

ಮೆಸೇಜು ಬಂತು. ಸಾಹೇಬರ ಹೆಸರು, ಅದರ ಹಿಂದೆ ತುಳುವಿನ ಒಂದು ವಿಶೇಷಣ, ಕೊನೆಗೆ 123. ಆ ವಿಶೇಷಣವನ್ನು ಇಲ್ಲಿ ಬರೆಯುವ ಹಾಗಿಲ್ಲ. ಸಾಹೇಬರು ನನ್ನ ಹೆಗಲ ಹಿಂದೆಯೇ ನಿಂತು "ಬಂತಾ? ಹೊಡೀರಿ ಹೊಡೀರಿ" ಅನ್ನುತ್ತಿದ್ದರು. ನಾನು ಒಂದೊಂದೇ ಅಕ್ಷರ ಒತ್ತಿದೆ. ಪರದೆಯ ಮೇಲೆ ಬರೀ ಚುಕ್ಕಿ ಕಾಣುವ ಹಾಗೆ ಮಾಡಿದ ಪುಣ್ಯಾತ್ಮ ಯಾರೋ, ಅವನ ಹೊಟ್ಟೆ ತಣ್ಣಗಿರಲಿ.

ಆಮೇಲೆ ಬಂದವರಿಗೆಲ್ಲ ಒಂದೇ ಪ್ರಶ್ನೆ. "ಮೇಡಂಗೆ ಆಯ್ತಾ? ಎಂತ ಮಗು?" ಹೆಣ್ಣು ಮಗು, ಮೂರು ಕೆಜಿ, ಇಬ್ಬರೂ ಆರಾಮ ಅಂತ ಎಲ್ಲರಿಗೂ ಹೇಳಿದೆ. ಮೂರು ಕೆಜಿ ಅಂತ ನನಗೆ ಯಾರೂ ಹೇಳಿರಲಿಲ್ಲ. ಆದರೆ ತೂಕ ಹೇಳದಿದ್ದರೆ ಜನ ಕೂರುವುದೇ ಇಲ್ಲ.

ಒಬ್ಬರು ಅಜ್ಜ ಬಂದು ರಿಫಂಡ್ ಬರಲಿಲ್ಲ ಅಂದರು. ಸಿಎ ಓದುತ್ತಾ ಅಲ್ಲಿ ಕೆಲಸ ಕಲಿಯುವ ಆರ್ಟಿಕಲ್‌ಶಿಪ್ ಹುಡುಗರು ಟ್ಯಾಕ್ಸ್ ಪೋರ್ಟಲ್ ನೋಡಿ ಖಾತೆ ಸರಿ ಇಲ್ಲ ಅಂತ ಬರುತ್ತದೆ ಅಂದರು, ಯಾಕೆ ಅಂತ ಅವರಿಗೂ ಗೊತ್ತಿಲ್ಲ. ನಾನು ಇಣುಕಿದೆ. ಬ್ಯಾಂಕು, ಶಾಖೆ ಯಾವುದು ಅಂತ ಹೇಳುವ ಐಎಫ್‌ಎಸ್‌ಸಿ ಕೋಡ್ ಎಸ್‌ವೈಎನ್‌ಬಿ ಅಂತ ಶುರುವಾಗುತ್ತಿತ್ತು. ಸಿಂಡಿಕೇಟ್ ಬ್ಯಾಂಕ್! 2020ರ ಏಪ್ರಿಲ್ 1ಕ್ಕೆ ಅದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು, ಅದೇ ದಿನ ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಹೋಯಿತು, ನಮ್ಮದು ಒಂದು ವರ್ಷ ಮೊದಲೇ ಹೋಗಿತ್ತು, ಹೊಸ ಕೋಡ್ ಹಾಕಿ ಖಾತೆಯನ್ನು ಮತ್ತೆ ವ್ಯಾಲಿಡೇಟ್ ಮಾಡಬೇಕು ಅಂತ ಒಂದೇ ಉಸಿರಿಗೆ ಹೇಳಿದೆ. ಅವಿಭಜಿತ ದಕ್ಷಿಣ ಕನ್ನಡದಲ್ಲಿ ಹುಟ್ಟಿ ರಾಷ್ಟ್ರೀಕೃತವಾದ ನಾಲ್ಕು ಬ್ಯಾಂಕುಗಳಲ್ಲಿ ಹೆಸರು ಉಳಿಸಿಕೊಂಡದ್ದು ಕೆನರಾ ಒಂದೇ ಅಂತಲೂ ಸೇರಿಸಿದೆ. ಯಾರೂ ಕೇಳಿರಲಿಲ್ಲ. ಹುಡುಗರು ಮೊದಲ ಸಲ ನನ್ನನ್ನು ಮರ್ಯಾದೆಯಿಂದ ನೋಡಿದರು.

ಅಜ್ಜ ಮಾತ್ರ ಒಪ್ಪಲಿಲ್ಲ. "ಎಂತ ಮಾರಾಯ್ರೆ, ನಿನ್ನೆ ಕೂಡ ಸಿಂಡಿಕೇಟಿಗೆ ಹೋಗಿ ಹಣ ತೆಗೆದು ಬಂದೆ ನಾನು! ಬೋರ್ಡು ಬದಲಿದ್ರೆ ಬ್ಯಾಂಕ್ ಬದಲ್ತದಾ?" ಆಮೇಲೆ ಹುಡುಗರ ಕಡೆ ತಿರುಗಿ, "ಮೇಡಂ ಇದ್ದಿದ್ರೆ ಆಗ್ತಿತ್ತು" ಅಂದರು.

ಸಂಜೆ ಹೊರಡುವಾಗ ಜೋರು ಮಳೆ. ಬಾಗಿಲ ಬಳಿಯ ಬಕೆಟಿನಲ್ಲಿ ಬೆಳಿಗ್ಗೆ ಎಲ್ಲರದ್ದೂ ಕಪ್ಪು ಕೊಡೆ. ಈಗ ನೋಡಿದರೆ ನನ್ನದು ಯಾರದ್ದೋ ಕೈಯಲ್ಲಿ ಮನೆಗೆ ಹೋಗಿಯಾಗಿತ್ತು. ಉಳಿದದ್ದು ಒಂದೇ, ನೇರಳೆ ಬಣ್ಣದ್ದು, ಸುತ್ತ ಬಿಳಿ ಜಾಲರಿ.

"ಅದು ಮೇಡಂದು. ನೀವೇ ಹಿಡ್ಕೊಂಡು ಹೋಗಿ ಅಂಕಲ್" ಅಂದಳು ಹುಡುಗಿ.

ಮನೆ ಮೆಟ್ಟಿಲಲ್ಲಿ ಹೆಂಡತಿ ಕೊಡೆ ನೋಡಿದಳು. "ಯಾರದ್ದು ಇದು?"

"ಆಫೀಸಿನಲ್ಲಿ ಒಬ್ಬರು ಮೇಡಂದು."

"ಮೊದಲ ದಿನವೇ?"

"ಛೇ, ಅವರು ಆಫೀಸಿಗೆ ಬರುವುದೇ ಇಲ್ಲ. ಮೊನ್ನೆಯಷ್ಟೇ ಮಗು ಆಗಿದೆ. ಮಧ್ಯಾಹ್ನ ಫೋನು ಮಾಡಿದ್ದರು, ಸಾಹೇಬರಿಗೆ ಗೊತ್ತಾಗಬಾರದು ಅಂತ ಮೆಸೇಜ್ ಹಾಕಿದರು..."

ರಾತ್ರಿ ಊಟಕ್ಕೆ ಬರೀ ಗಂಜಿ. ಒಣಮೀನು ಚಟ್ನಿಯ ಡಬ್ಬಿ ಮೇಜಿನ ಆ ಕಡೆ, ಅವಳ ಬಟ್ಟಲಿನ ಹತ್ತಿರ ಇತ್ತು.